ಹತ್ತನೇ ತರಗತಿಯ ಇಂಗ್ಲಿಷ್: ಬೇಲೆಕೇರಿಯ ಜಗುಲಿಯಲ್ಲಿ ಒಂದು ಮರುಓದು

ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠವೇ ಅಂತ ಹುಬ್ಬೇರಿಸಬೇಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಕಳೆದ ದೀಪಾವಳಿ ರಜೆಯಲ್ಲಿ ಸಂಘದ ನಾವು ನಾಲ್ವರು ಬೇಲೆಕೇರಿಯ ಗೆಳೆಯನ ಮನೆಗೆ ಹೋಗಿದ್ದೆವು. ಅಂಕೋಲಾ ತಾಲೂಕಿನ ಕಡಲ ಬದಿಯ ಊರು ಅದು. ಸಮುದ್ರ ನೋಡುವುದು, ಮೀನು ತಿನ್ನುವುದು, ಮಧ್ಯಾಹ್ನ ನಿದ್ದೆ ಮಾಡುವುದು ಎಂದು ಮೂರೇ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಎರಡನೇ ದಿನವೇ ಗೆಳೆಯನ ಅತ್ತೆ ಬಂದು, "ನೀವೆಲ್ಲ ಇಂಜಿನಿಯರಿಂಗ್ ಓದುವವರಲ್ವಾ, ಇವಳಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡಿ. ಬಾಕಿ ಎಲ್ಲದರಲ್ಲೂ ಚೆನ್ನಾಗಿ ಮಾರ್ಕ್ಸ್ ಬರ್ತದೆ, ಇಂಗ್ಲಿಷಲ್ಲೇ ಹೋಗ್ತದೆ" ಅಂದರು. ಮರುದಿನ ಜಗುಲಿಯ ಮೇಲೆ ಒಬ್ಬಳಲ್ಲ, ಆರು ಜನ ಕೂತಿದ್ದರು.

ಅತ್ತೆಯ ಮಗಳ ಕೈಯಲ್ಲಿ ಪಠ್ಯಪುಸ್ತಕ ಇರಲಿಲ್ಲ. ಜೆರಾಕ್ಸ್ ಮಾಡಿಸಿ ಸ್ಟೇಪಲ್ ಹೊಡೆದ 'ಪಾಸಿಂಗ್ ಪ್ಯಾಕೇಜ್' ಇತ್ತು. "ಅಣ್ಣಾ, ಇದನ್ನ ಪೂರಾ ಬಾಯಿಪಾಠ ಮಾಡಿದ್ರೆ ಸಾಕಲ್ವಾ?" ಅಂದಳು. ಮಾತಾಡುತ್ತಾ ಇನ್ನೊಂದು ವಿಷಯ ಗೊತ್ತಾಯಿತು. ಗಣಿತದಲ್ಲಿ ತರಗತಿಗೇ ಮುಂದಿರುವ ಈ ಹುಡುಗಿ ಪಿಯುಸಿಯಲ್ಲಿ ಸೈನ್ಸ್ ತಗೊಳ್ಳುವುದಿಲ್ಲ ಅಂತ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಕಾರಣ ಕೇಳಿದರೆ ಒಂದೇ ಮಾತು: "ಸೈನ್ಸ್ ಎಲ್ಲಾ ಇಂಗ್ಲಿಷಲ್ಲೇ ಅಲ್ವಾ."

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಮೂವರು ಕನ್ನಡ ಮಾಧ್ಯಮದವರು. ಮೊದಲ ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಒಂದೇ ಒಂದು ಡೌಟ್ ಕೇಳದೆ ಕಳೆದವರೂ ನಮ್ಮಲ್ಲೇ ಇದ್ದಾರೆ. ಡೌಟ್ ಇರಲಿಲ್ಲವೆಂದಲ್ಲ, ಅದನ್ನು ಕೇಳುವ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಸರ್ ಮುಂದಿನ ಸ್ಲೈಡಿಗೆ ಹೋಗಿರುತ್ತಿದ್ದರು. ಹಾಗಾಗಿ ಪ್ಯಾಕೇಜನ್ನು ಪಕ್ಕಕ್ಕಿಟ್ಟು, ಹತ್ತನೇ ತರಗತಿಯ ಪುಸ್ತಕವನ್ನು ಆರು ದಿನ ಮೊದಲಿನಿಂದ ಓದೋಣ ಅಂದೆವು. ಆ ಆರು ದಿನಗಳಲ್ಲಿ ನಾವು ಕಲಿಸಿದ್ದು, ಕಲಿತದ್ದು ಎರಡೂ ಇಲ್ಲಿವೆ. ನಿಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ತಮ್ಮ ತಂಗಿಯರಿದ್ದರೆ ಅವರಿಗೂ ಓದಿಸಿ.

ಪುಸ್ತಕದಲ್ಲಿ ಏನೇನಿದೆ?

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಕನ್ನಡ ಮಾಧ್ಯಮದವರಿಗೆ ಸಾಮಾನ್ಯವಾಗಿ ಇಂಗ್ಲಿಷ್ ದ್ವಿತೀಯ ಭಾಷೆ. ಅದರ 100ರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ.

ನಾವು ಓದಿದ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಎಂಟು ಗದ್ಯ, ಎಂಟು ಪದ್ಯ, ಜೊತೆಗೆ ಪೂರಕ ಓದಿಗೆ ನಾಲ್ಕು ಪಾಠಗಳಿವೆ. ಆರ್.ಕೆ. ನಾರಾಯಣರ ಸ್ವಾಮಿ ಅಪ್ಪನ ಹಟಕ್ಕೆ ಆಫೀಸಿನಲ್ಲಿ ಒಬ್ಬನೇ ಮಲಗಿ, ಹೆದರಿಕೆಯಲ್ಲೇ ಕಳ್ಳನ ಕಾಲು ಕಚ್ಚಿ 'ಹೀರೋ' ಆಗುವ ಕಥೆ ಇದೆ. ಮುಂಬಯಿಯಲ್ಲಿ ರೈಲಿನಿಂದ ಬಿದ್ದ ಅಪರಿಚಿತ ಹುಡುಗಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ಯುವಕನ ನಿಜ ಘಟನೆ ಇದೆ. ಅಂಬೇಡ್ಕರ್ ಅವರ ಬದುಕಿದೆ, ಕಿವಿ ಕೇಳದ ಚಿತ್ರಕಾರ ಸತೀಶ್ ಗುಜ್ರಾಲ್ ಬಾಲ್ಯವಿದೆ, ಕೊಲಂಬಸ್ಸನ ಹಡಗಿನ ನಾಟಕವಿದೆ. ಪದ್ಯಗಳಲ್ಲಿ ಷೇಕ್ಸ್‌ಪಿಯರ್‌ನಿಂದ ರಸ್ಕಿನ್ ಬಾಂಡ್‌ವರೆಗೆ ಬಗೆಬಗೆಯವರಿದ್ದಾರೆ.

ಇದಕ್ಕೆ ಇನ್ನೊಂದು ದೇಶದ ಹೋಲಿಕೆ ಕೊಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನ ಮಕ್ಕಳಿಗೆ ಇಂಗ್ಲಿಷ್ ಭಾಷೆ, ಇಂಗ್ಲಿಷ್ ಸಾಹಿತ್ಯ ಎಂದು ಎರಡು ಬೇರೆ ಬೇರೆ ಜಿಸಿಎಸ್‌ಇ ಪರೀಕ್ಷೆಗಳಿವೆ. ಭಾಷೆಯ ಪರೀಕ್ಷೆಯಲ್ಲಿ ಹಿಂದೆಂದೂ ನೋಡದ ಬರಹ ಕೊಟ್ಟು ಓದಿಸುತ್ತಾರೆ, ಬರೆಸುತ್ತಾರೆ. ಸಾಹಿತ್ಯದಲ್ಲಿ ಷೇಕ್ಸ್‌ಪಿಯರ್‌ನ ಒಂದು ಪೂರ್ತಿ ನಾಟಕ, ಹತ್ತೊಂಬತ್ತನೇ ಶತಮಾನದ ಒಂದು ಕಾದಂಬರಿ, ಕವಿತೆಗಳು ಮತ್ತು 1914ರಿಂದ ಈಚಿನ ಒಂದು ಕಾದಂಬರಿ ಅಥವಾ ನಾಟಕ ಇರಬೇಕು. ಅಲ್ಲಿ ಮನೆಯಲ್ಲೂ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಎರಡು ವಿಷಯವಾಗಿ ಬರುವುದನ್ನು, ಬೇಲೆಕೇರಿಯಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಹುಡುಗಿ ಒಂದೇ ಪುಸ್ತಕದಲ್ಲಿ ಕಲಿಯಬೇಕು. ಅವಳಿಗೆ ಕಷ್ಟವಾದರೆ ಅದು ದಡ್ಡತನ ಅಲ್ಲ. ಕೆಲಸವೇ ದೊಡ್ಡದು. ಮೊದಲ ದಿನ ನಾವು ಹೇಳಿದ್ದು ಇಷ್ಟೇ.

ವ್ಯಾಕರಣ: ಕನ್ನಡದಿಂದಲೇ ಹೊರಡೋಣ

ಪ್ರಶ್ನೆಪತ್ರಿಕೆಯಲ್ಲಿ ರಿಪೋರ್ಟೆಡ್ ಸ್ಪೀಚ್, ಪ್ಯಾಸಿವ್ ವಾಯ್ಸ್, ಕ್ವೆಶ್ಚನ್ ಟ್ಯಾಗ್, ಸಿಲಬಲ್, ತಪ್ಪು ತಿದ್ದುವ ಪ್ಯಾರಾಗ್ರಾಫ್ ಹೀಗೆ ಸುಮಾರು ಬರುತ್ತವೆ. ಮಕ್ಕಳು ಇವಕ್ಕೆಲ್ಲ ಸೂತ್ರ ಬಾಯಿಪಾಠ ಮಾಡಿದ್ದರು, ಸೂತ್ರ ಯಾಕೆ ಬಂತು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಮೊದಲಿಗೆ ವಾಕ್ಯದ ಜೋಡಣೆ. 'ಅಪ್ಪ ಮೀನು ತಂದ' ಅನ್ನುವಾಗ ನಮ್ಮ ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: 'ಫಾದರ್ ಬ್ರಾಟ್ ಫಿಶ್.' ಕನ್ನಡದಲ್ಲಿ 'ಮೀನನ್ನು ಅಪ್ಪ ತಂದ' ಅಂದರೂ ತಂದವನು ಅಪ್ಪನೇ, ಯಾಕೆಂದರೆ 'ಅನ್ನು' ಎಂಬ ವಿಭಕ್ತಿ ಪ್ರತ್ಯಯ ಕಾವಲಿಗಿದೆ. ಇಂಗ್ಲಿಷಿಗೆ ಆ ಕಾವಲು ಇಲ್ಲ. ಪದ ಎಲ್ಲಿ ನಿಂತಿದೆ ಅನ್ನೋದೇ ಅಲ್ಲಿ ವಿಭಕ್ತಿ. 'ಫಿಶ್ ಬ್ರಾಟ್ ಫಾದರ್' ಅಂತ ಬರೆದರೆ ಮೀನೇ ಅಪ್ಪನನ್ನು ಹೊತ್ತು ತಂದಂತಾಯಿತು! ಜಗುಲಿ ಪೂರ್ತಿ ನಕ್ಕಿತು, ಆ ತಪ್ಪನ್ನು ಮತ್ತೆ ಯಾರೂ ಮಾಡಲಿಲ್ಲ.

ಎರಡನೆಯದು ರಿಪೋರ್ಟೆಡ್ ಸ್ಪೀಚ್. ಅಮ್ಮ "ನಾನು ನಾಳೆ ಪೇಟೆಗೆ ಹೋಗ್ತೇನೆ" ಅಂದಳು ಎನ್ನುವಾಗ ಅಮ್ಮನ ಮಾತು ಇದ್ದಹಾಗೇ ಇದೆ, 'ಅಂತ' ಅಥವಾ 'ಎಂದು' ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಹೇಳುವವನು ತಾನು ನಿಂತ ಜಾಗದಿಂದಲೇ ಎಲ್ಲವನ್ನೂ ಅಳೆಯಬೇಕು: 'ಮದರ್ ಸೆಡ್ ದಟ್ ಶಿ ವುಡ್ ಗೋ ಟು ದ ಮಾರ್ಕೆಟ್ ದ ನೆಕ್ಸ್ಟ್ ಡೇ.' ಮೂರು ಕಡೆ ಬದಲಾವಣೆ ನೋಡಿ. 'ನಾನು' ಹೋಗಿ 'ಅವಳು' ಆಯಿತು, ಕಾಲ ಒಂದು ಹೆಜ್ಜೆ ಹಿಂದೆ ಸರಿಯಿತು, 'ನಾಳೆ' ಹೋಗಿ 'ಮರುದಿನ' ಆಯಿತು. ಯಾರು, ಯಾವ ಕಾಲ, ಯಾವ ದಿನ ಎಂಬ ಮೂರು ಪ್ರಶ್ನೆ ಕೇಳಿಕೊಂಡರೆ ಸೂತ್ರದ ಅರ್ಧಕ್ಕಿಂತ ಹೆಚ್ಚು ತಾನಾಗೇ ಬರುತ್ತದೆ.

ಕ್ವೆಶ್ಚನ್ ಟ್ಯಾಗ್ ಅಂದರೆ ನಮ್ಮ 'ಅಲ್ವಾ'. ನಮ್ಮದು ಎಲ್ಲ ವಾಕ್ಯಕ್ಕೂ ಒಂದೇ, ಅವರದು ವಾಕ್ಯಕ್ಕೆ ತಕ್ಕ ಹಾಗೆ ವೇಷ ಬದಲಿಸುತ್ತದೆ. 'ಅವನು ಬಂದ' ಎನ್ನುವ ವಾಕ್ಯಕ್ಕೆ 'ಡಿಡಂಟ್ ಹಿ', 'ಅವಳು ಹಾಡಬಲ್ಲಳು' ಎನ್ನುವುದಕ್ಕೆ 'ಕಾಂಟ್ ಶಿ'. ಮುಖ್ಯ ವಾಕ್ಯ ಹೌದೆಂದರೆ ಟ್ಯಾಗ್ ಇಲ್ಲವೆನ್ನುತ್ತದೆ, ಅದು ಇಲ್ಲವೆಂದರೆ ಇದು ಹೌದೆನ್ನುತ್ತದೆ.

ಸಿಲಬಲ್ ಎಣಿಸುವಾಗ ಮಕ್ಕಳು ಇಂಗ್ಲಿಷ್ ಅಕ್ಷರ ಎಣಿಸುತ್ತಿದ್ದರು. ಛಂದಸ್ಸಿನಲ್ಲಿ ಲಘು ಗುರು ಹಾಕಲು ಬರುವ ಮಕ್ಕಳಿಗೆ ಇದು ಕಷ್ಟವೇ ಅಲ್ಲ. ಕಿವಿಗೆ ಎಷ್ಟು ಸ್ವರ ಕೇಳಿಸುತ್ತದೋ ಅಷ್ಟು ಸಿಲಬಲ್. 'ಟೇಬಲ್' ಎಂದರೆ ಎರಡು. 'ಸ್ಟ್ರೀಟ್' ಬರೆಯಲು ಆರು ಅಕ್ಷರ ಬೇಕಾದರೂ ಕೇಳಿಸುವುದು 'ಈ' ಎಂಬ ಒಂದೇ ಸ್ವರ, ಹಾಗಾಗಿ ಒಂದೇ ಸಿಲಬಲ್.

ಮಾಡಿದವನು ಎಲ್ಲಿ ಹೋದ?

ಪ್ಯಾಸಿವ್ ವಾಯ್ಸ್ ಬಂದಾಗ ಒಬ್ಬ ಹುಡುಗ ಕೇಳಿದ: "ಅಣ್ಣಾ, ನೇರ ಹೇಳೋದನ್ನ ತಿರುಗಿಸಿ ಯಾಕೆ ಹೇಳ್ಬೇಕು?" ಒಳ್ಳೆ ಪ್ರಶ್ನೆ. ನಮ್ಮ ಲ್ಯಾಬ್ ರೆಕಾರ್ಡ್ ನೆನಪಾಯಿತು. ಅಲ್ಲಿ ನಾವು ರೀಡಿಂಗ್ ತೆಗೆದೆವು ಅಂತ ಬರೆಯುವುದಿಲ್ಲ, 'ದ ರೀಡಿಂಗ್ಸ್ ವರ್ ಟೇಕನ್' ಅಂತ ಬರೆಯುತ್ತೇವೆ. ಯಾರು ತೆಗೆದರು ಎನ್ನುವುದು ಅಲ್ಲಿ ಮುಖ್ಯವಲ್ಲ, ಏನು ಬಂತು ಎನ್ನುವುದು ಮುಖ್ಯ.

ಆದರೆ ಮಾಡಿದವನೇ ಮುಖ್ಯ ಆದಾಗ? ಬೇಲೆಕೇರಿಯ ಹೆಸರು ಇಂಗ್ಲಿಷ್ ಪತ್ರಿಕೆಗಳಲ್ಲಿ ಹೆಚ್ಚು ಬಂದದ್ದು ಕಬ್ಬಿಣದ ಅದಿರಿನಿಂದ. 2010ರಲ್ಲಿ ಇಲ್ಲಿನ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರು ದೊಡ್ಡ ಪ್ರಮಾಣದಲ್ಲಿ ನಾಪತ್ತೆಯಾಗಿತ್ತು, 2011ರ ಲೋಕಾಯುಕ್ತ ವರದಿಯಲ್ಲಿ ಬೇಲೆಕೇರಿಯ ವಿಷಯ ವಿವರವಾಗಿ ಬಂತು. ನಾವು ಬೋರ್ಡ್ ಇಲ್ಲದ್ದಕ್ಕೆ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ವಾಕ್ಯ ಬರೆದೆವು: 'ದ ಓರ್ ವಾಸ್ ಸೀಜ್ಡ್.' 'ದ ಓರ್ ವಾಸ್ ಶಿಪ್ಡ್ ಔಟ್.' ಎರಡೂ ವ್ಯಾಕರಣದಲ್ಲಿ ಸರಿ. ಎರಡರಲ್ಲೂ 'ಬೈ' ಇಲ್ಲ. ಮೊದಲನೆಯದರಲ್ಲಿ ಜಪ್ತಿ ಮಾಡಿದವರು ಯಾರು ಅಂತ ಊಹಿಸಬಹುದು. ಎರಡನೆಯದರಲ್ಲಿ? ಹುಡುಗ ಎರಡು ನಿಮಿಷ ನೋಡಿ, "ಮಾಡಿದವ್ರ ಹೆಸ್ರೇ ಇಲ್ವಲ್ಲ" ಅಂದ. ಅಷ್ಟೇ ಪಾಠ. ಪ್ಯಾಸಿವ್ ವಾಕ್ಯ ಕಂಡ ಕೂಡಲೇ 'ಬೈ ಹೂಮ್' ಅಂತ ಕೇಳುವುದನ್ನು ಕಲಿತರೆ ಪರೀಕ್ಷೆಯ ಎರಡು ಅಂಕವೂ ಸಿಗುತ್ತದೆ, ಪೇಪರ್ ಓದುವ ಕಣ್ಣೂ ಬರುತ್ತದೆ.

ಸಾಹಿತ್ಯ: ಪಾಠದ ಊರು, ನಮ್ಮ ಊರು

ಪ್ಯಾಕೇಜ್ ಓದಿದ ಮಕ್ಕಳಿಗೆ ಪಾಠದ ಪ್ರಶ್ನೋತ್ತರ ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಅದಕ್ಕೆ ನಾವೊಂದು ನಿಯಮ ಮಾಡಿದೆವು. ಮೊದಲು ಕಥೆಯನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಒಬ್ಬರು ಹೇಳಬೇಕು, ನಮ್ಮೂರಿನಲ್ಲಿ ಇಂಥದ್ದು ಏನಾದರೂ ಇದೆಯಾ ಅಂತ ಇನ್ನೊಬ್ಬರು ಹೇಳಬೇಕು, ಆಮೇಲಷ್ಟೇ ಪುಸ್ತಕ ತೆಗೆಯುವುದು.

'ಬ್ಯಾಲಡ್ ಆಫ್ ದ ಟೆಂಪೆಸ್ಟ್' ಪದ್ಯದಿಂದ ಶುರು ಮಾಡಿದೆವು. ಚಳಿಗಾಲದ ರಾತ್ರಿ ಸಮುದ್ರದ ನಡುವೆ ಬಿರುಗಾಳಿ. ಹಡಗಿನವರೆಲ್ಲ ಕ್ಯಾಬಿನ್ನಿನಲ್ಲಿ ಮುದುರಿ ಕೂತಿದ್ದಾರೆ. ಕ್ಯಾಪ್ಟನ್ನನೇ ಬಂದು ಇನ್ನು ಉಳಿಗಾಲವಿಲ್ಲ ಅನ್ನುತ್ತಾನೆ. ಅವನ ಪುಟ್ಟ ಮಗಳು ಅಪ್ಪನ ತಣ್ಣನೆಯ ಕೈ ಹಿಡಿದು, ದೇವರು ನೆಲದ ಮೇಲಿರುವ ಹಾಗೆ ನೀರಿನ ಮೇಲೂ ಇದ್ದಾನಲ್ಲವೇ ಎಂದು ಕೇಳುತ್ತಾಳೆ. ನಮ್ಮ ಆರು ಜನರಲ್ಲಿ ಮೂವರ ಅಪ್ಪಂದಿರು ದೋಣಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ಯಾಕೆ ನಿಷೇಧ, ಆಗಸ್ಟಿನಲ್ಲಿ ಮೊದಲ ದೋಣಿ ಹೊರಟ ದಿನ ಮನೆಯಲ್ಲಿ ಅಮ್ಮ ಹೇಗಿರುತ್ತಾಳೆ ಎನ್ನುವುದನ್ನು ಅವರೇ ನಮಗೆ ಹೇಳಿದರು. ಅಮೆರಿಕದ ಕವಿ ಬರೆದ ಪದ್ಯ ಆಮೇಲೆ ಪರದೇಶದ್ದು ಅನ್ನಿಸಲಿಲ್ಲ.

'ಜೆಂಟಲ್‌ಮನ್ ಆಫ್ ರಿಯೋ ಎನ್ ಮೆಡಿಯೋ' ಕಥೆಯಲ್ಲಿ ಡಾನ್ ಆನ್ಸೆಲ್ಮೊ ಎಂಬ ಬಡ ಮುದುಕನಿದ್ದಾನೆ. ತನ್ನ ಜಮೀನನ್ನು 1200 ಡಾಲರಿಗೆ ಅಮೆರಿಕನ್ನರಿಗೆ ಮಾರಲು ಒಪ್ಪುತ್ತಾನೆ. ಸರ್ವೆ ಮಾಡಿದಾಗ ಜಮೀನು ಅಂದಾಜಿಗಿಂತ ಸುಮಾರು ಎರಡರಷ್ಟು ಇದೆಯೆಂದು ಗೊತ್ತಾಗಿ ಅವರು ಹೆಚ್ಚು ಹಣ ಕೊಡಲು ಬರುತ್ತಾರೆ. ಒಪ್ಪಿದ ಬೆಲೆ ಒಪ್ಪಿದ್ದೇ ಎಂದು ಮುದುಕ ಅದನ್ನು ಮುಟ್ಟುವುದಿಲ್ಲ. ಆಮೇಲೆ ಊರಿನ ಮಕ್ಕಳು ದಿನವೂ ತೋಟಕ್ಕೆ ನುಗ್ಗಿ ಆಡತೊಡಗುತ್ತಾರೆ. ದೂರು ಬಂದಾಗ ಮುದುಕ ಹೇಳುವುದು: ನಾನು ನೆಲ ಮಾರಿದ್ದೇನೆ, ಮರ ಮಾರಿಲ್ಲ. ಊರಿನಲ್ಲಿ ಒಂದೊಂದು ಮಗು ಹುಟ್ಟಿದಾಗಲೂ ಅದರ ಹೆಸರಿನಲ್ಲಿ ಒಂದೊಂದು ಮರ ನೆಟ್ಟಿದ್ದೇನೆ, ಅವು ಆ ಮಕ್ಕಳವು. ಕೊನೆಗೆ ಕೊಂಡವರು ಒಂದೊಂದೇ ಮರವನ್ನು ಮಕ್ಕಳಿಂದ ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಇದನ್ನು ಓದಿದಾಗ ಜಗುಲಿಯಲ್ಲಿ ಮಾತು ನಿಂತಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕರಾವಳಿಯ ಹಲವು ಹಳ್ಳಿಗಳ ಜನ ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಎದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಒಬ್ಬ ಹುಡುಗಿ, "ನಮ್ಮ ಅಜ್ಜಿ ಈಗ್ಲೂ ಬಿಟ್ಟು ಬಂದ ಮಾವಿನ ಮರದ್ದೇ ಮಾತಾಡ್ತಾಳೆ, ದುಡ್ಡಿನ ಮಾತಾಡೋದಿಲ್ಲ" ಅಂದಳು. ಕಥೆಯ ಸಾರಾಂಶವನ್ನು ಇದಕ್ಕಿಂತ ಚೆನ್ನಾಗಿ ನಾವು ಹೇಳುತ್ತಿರಲಿಲ್ಲ.

'ಐ ಆ್ಯಮ್ ದ ಲ್ಯಾಂಡ್' ಪದ್ಯದಲ್ಲಿ ನೆಲವೇ ಮಾತಾಡುತ್ತದೆ. ಮನುಷ್ಯ ಬೇಲಿ ಹಾಕಿ ನನ್ನದು ಅನ್ನುತ್ತಾನೆ, ನೆಲ ತಾಳ್ಮೆಯಿಂದ ಕಾಯುತ್ತದೆ. ಅದಕ್ಕೆ ಮಕ್ಕಳು ತಂದ ಉದಾಹರಣೆ ಹೊನ್ನಳ್ಳಿಯ ತುಳಸಿ ಗೌಡ. ಶಾಲೆಗೆ ಹೋಗದ ಹಾಲಕ್ಕಿ ಮಹಿಳೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು ಲೆಕ್ಕವಿಲ್ಲದಷ್ಟು ಸಸಿ ಬೆಳೆಸಿದರು, 2020ರ ಪದ್ಮಶ್ರೀ ಅವರಿಗೆ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಅವರ ಊರು ಇದೇ ಅಂಕೋಲಾ ತಾಲೂಕಿನದು. ಪ್ರೊಫೈಲ್ ಬರೆಯುವ ಪ್ರಶ್ನೆಗೆ ನಾವು ಅವರನ್ನೇ ಕೊಟ್ಟೆವು: ಹೆಸರು, ಊರು, ಕೆಲಸ, ಪ್ರಶಸ್ತಿ. ನಾಲ್ಕು ಸಾಲು, ನಾಲ್ಕೂ ಸ್ವಂತದ್ದು.

ಪೂರಕ ಪಾಠ 'ನಾರಾಯಣಪುರ ಇನ್ಸಿಡೆಂಟ್' 1942ರ ಕ್ವಿಟ್ ಇಂಡಿಯಾ ದಿನಗಳ ಕಥೆ. ಬರೆದವರು ಧಾರವಾಡದಲ್ಲಿ ಹುಟ್ಟಿದ ಶಶಿ ದೇಶಪಾಂಡೆ, ನಮ್ಮ ನಾಟಕಕಾರ ಶ್ರೀರಂಗರ ಮಗಳು. 1930ರ ಉಪ್ಪಿನ ಸತ್ಯಾಗ್ರಹ ಮತ್ತು ಕರನಿರಾಕರಣೆಯಿಂದಾಗಿ 'ಕರ್ನಾಟಕದ ಬಾರ್ಡೋಲಿ' ಎನ್ನಿಸಿಕೊಂಡ ಅಂಕೋಲೆಯಲ್ಲಿ ಈ ಪಾಠವನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಊರಿನ ಹಿರಿಯರನ್ನು ಒಂದು ಸಂಜೆ ಕೂರಿಸಿ ಕೇಳಿದರೆ ಸಾಕು.

'ಕ್ವಾಲಿಟಿ ಆಫ್ ಮರ್ಸಿ' ಮಾತ್ರ ಎಲ್ಲರಿಗೂ ಕಬ್ಬಿಣದ ಕಡಲೆ. ನಾಟಕದ ಕಥೆ ಗೊತ್ತಿಲ್ಲದೆ ನಡುವಿನ ಒಂದು ಭಾಷಣ ಓದಿದರೆ ಹಾಗೇ ಆಗುವುದು. ಆಂಟೋನಿಯೋ ಎಂಬ ವ್ಯಾಪಾರಿ ಗೆಳೆಯನಿಗಾಗಿ ಸಾಲ ಮಾಡುತ್ತಾನೆ, ಅವನ ಹಡಗುಗಳು ಮುಳುಗಿದ ಸುದ್ದಿ ಬರುತ್ತದೆ, ಸಾಲ ಕೊಟ್ಟ ಶೈಲಾಕ್ ಪತ್ರದಲ್ಲಿ ಬರೆದ ಹಾಗೆ ಒಂದು ಪೌಂಡ್ ಮಾಂಸವೇ ಬೇಕೆಂದು ಹಟ ಹಿಡಿಯುತ್ತಾನೆ. ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ, ದಯೆಯನ್ನು ಬಲವಂತದಿಂದ ತರಿಸಲಾಗುವುದಿಲ್ಲ, ಅದು ಕೊಟ್ಟವನಿಗೂ ಪಡೆದವನಿಗೂ ಒಳ್ಳೆಯದು ಎಂದು ವಾದಿಸುತ್ತಾಳೆ. ಇಷ್ಟು ಹೇಳಿದ ಮೇಲೆ ಸಾಲ, ಪತ್ರ, ಹಡಗು ಮೂರೂ ಗೊತ್ತಿರುವ ಬಂದರಿನ ಮಕ್ಕಳಿಗೆ ಅರ್ಥವಾಗದೆ ಏನು?

ಉತ್ತರ ಬರೆಯುವ ರೀತಿ

ಸಾಲು ಕೊಟ್ಟು ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಕೇಳುವ ಪ್ರಶ್ನೆಗೆ ಕಥೆಯ ಕ್ರಮ ಗೊತ್ತಿದ್ದರೆ ಸಾಕು. ದೊಡ್ಡ ಉತ್ತರಗಳಿಗೆ ನಾವು ಹೇಳಿಕೊಟ್ಟ ಹಾದಿ ಹೀಗಿದೆ:

1. ಪ್ರಶ್ನೆ ಏನು ಕೇಳುತ್ತಿದೆ ಅಂತ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ.
2. ಉತ್ತರವನ್ನು ಮೂರ್ನಾಲ್ಕು ತುಂಡು ಮಾಡಿ. ಒಂದು ತುಂಡಿಗೆ ಒಂದೇ ಸಂಗತಿ.
3. ಪ್ರತಿ ತುಂಡಿಗೂ ಒಂದು ಸಣ್ಣ ಇಂಗ್ಲಿಷ್ ವಾಕ್ಯ. ಯಾರು, ಏನು ಮಾಡಿದರು, ಯಾವುದನ್ನು, ಅದೇ ಕ್ರಮದಲ್ಲಿ.
4. ಕೊನೆಯಲ್ಲಿ ಕ್ರಿಯಾಪದಗಳನ್ನು ಮಾತ್ರ ಮತ್ತೊಮ್ಮೆ ನೋಡಿ. ನಡೆದುಹೋದ ಕಥೆಯಾದರೆ ಭೂತಕಾಲ ಇದೆಯಾ?

ಬಾಯಿಪಾಠದ ಉತ್ತರದಲ್ಲಿ ಒಂದು ಪದ ಮರೆತರೆ ಪೂರ್ತಿ ಕೈಕೊಡುತ್ತದೆ. ಸ್ವಂತ ಉತ್ತರದಲ್ಲಿ ಒಂದು ಪದ ಸಿಗದಿದ್ದರೆ ಇನ್ನೊಂದನ್ನು ಹಾಕಬಹುದು. ಪ್ಯಾಕೇಜ್ ಬೇಡವೇ ಬೇಡ ಅಂತಲ್ಲ. ಪತ್ರದ ನಮೂನೆಗೆ, ಬಾಯಿಪಾಠವಾಗಿಯೇ ಬರೆಯಬೇಕಾದ ಪದ್ಯದ ಸಾಲುಗಳಿಗೆ ಅದು ಇರಲಿ. ಕಥೆಗೆ ಮಾತ್ರ ಪುಸ್ತಕವೇ ಬೇಕು.

ಕನ್ನಡ ಸಂಘಕ್ಕೆ ಇದು ಯಾಕೆ?

ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದ ಬಿ.ಎಂ. ಶ್ರೀಕಂಠಯ್ಯ ಇಂಗ್ಲಿಷ್ ಪ್ರಾಧ್ಯಾಪಕರು. ಇದೇ ಪುಸ್ತಕದಲ್ಲಿ 'ದ ಸಾಂಗ್ ಆಫ್ ಇಂಡಿಯಾ' ಬರೆದಿರುವ ವಿ.ಕೃ. ಗೋಕಾಕರೂ ಇಂಗ್ಲಿಷ್ ಪ್ರಾಧ್ಯಾಪಕರೇ. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ, 1990ರ ಜ್ಞಾನಪೀಠ ಬಂದದ್ದೂ ಅವರ ಕನ್ನಡಕ್ಕೆ. ಪಕ್ಕದ ಹನೇಹಳ್ಳಿಯ ಯಶವಂತ ಚಿತ್ತಾಲರು ನಮ್ಮ ಹಾಗೆ ತಂತ್ರಜ್ಞಾನ ಓದಿದವರು, ಮುಂಬಯಿಯಲ್ಲಿ ಪಾಲಿಮರ್ ಕ್ಷೇತ್ರದಲ್ಲಿ ದುಡಿಯುತ್ತಲೇ ಕನ್ನಡದಲ್ಲಿ 'ಶಿಕಾರಿ' ಬರೆದರು. ಅಂಕೋಲೆಯವರೇ ಆದ ದಿನಕರ ದೇಸಾಯಿ ಚುಟುಕ ಬರೆದದ್ದು ಮಾತ್ರವಲ್ಲ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಮಕ್ಕಳಿಗೆ ಹೈಸ್ಕೂಲುಗಳನ್ನು ತೆರೆದರು. ಇವರಿಗೆಲ್ಲ ಕನ್ನಡ ಇಂಗ್ಲಿಷಿಗೆ ಅಡ್ಡ ಬರಲಿಲ್ಲ, ಇಂಗ್ಲಿಷ್ ಕನ್ನಡಕ್ಕೆ ಅಡ್ಡ ಬರಲಿಲ್ಲ. ಅಡ್ಡ ಬರುವುದು ಭಯ. ಅದಕ್ಕೆ ಮದ್ದನ್ನು ಕನ್ನಡದಲ್ಲೇ ಕೊಡಬಹುದು ಎನ್ನುವುದು ನಮ್ಮ ಅನುಭವ.

ಕೊನೆಯ ದಿನ ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟೆವು: ಡಾನ್ ಆನ್ಸೆಲ್ಮೊ ಮರಗಳನ್ನು ಯಾಕೆ ಮಾರಲಿಲ್ಲ? ಅತ್ತೆಯ ಮಗಳು ಪ್ಯಾಕೇಜ್ ನೋಡದೆ ಬರೆದಳು. 'ದ ಓಲ್ಡ್ ಮ್ಯಾನ್ ಸೋಲ್ಡ್ ದ ಲ್ಯಾಂಡ್. ಹಿ ಡಿಡ್ ನಾಟ್ ಸೋಲ್ಡ್ ದ ಟ್ರೀಸ್. ದ ಟ್ರೀಸ್ ಬಿಲಾಂಗ್ ಟು ದ ಚಿಲ್ಡ್ರನ್ಸ್.' ಎರಡು ತಪ್ಪಿವೆ. 'ಡಿಡ್' ಬಂದ ಮೇಲೆ 'ಸೆಲ್' ಆಗಬೇಕು, 'ಚಿಲ್ಡ್ರನ್' ಆಗಲೇ ಬಹುವಚನ. ಆದರೆ ಉತ್ತರ ಸರಿ ಇದೆ, ಮತ್ತು ಅದು ಅವಳದ್ದು. ಮೊದಲು ಗಟ್ಟಿಯಾಗಿ ಓದು ಅಂದೆವು. ಓದಿ ಮುಗಿಸಿದ ಮೇಲೆ ಒಂದು ತಪ್ಪನ್ನು ನಾವು ತೋರಿಸುವ ಮೊದಲೇ ಅವಳೇ ತಿದ್ದಿಕೊಂಡಳು.

ಹೊರಡುವಾಗ, "ಸೈನ್ಸ್ ತಗೊಳ್ತೀಯಾ?" ಅಂತ ಕೇಳಿದೆವು. "ನೋಡ್ವ" ಅಂದಳು. ಆರು ದಿನದ ಹಿಂದೆ 'ಇಲ್ಲ' ಅಂದಿದ್ದಳು.

ಮುಂದಿನ ರಜೆಯಲ್ಲಿ ನೀವು ಊರಿಗೆ ಹೋಗುವಾಗ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಪಕ್ಕದ ಮನೆಯ ತಂಗಿಯನ್ನೋ ತಮ್ಮನನ್ನೋ ಜಗುಲಿಗೆ ಕರೆದು, ಒಂದು ಪಾಠವನ್ನಾದರೂ ನಿಮ್ಮೂರಿನ ಮಾತಿನಲ್ಲಿ ಓದಿ. ಹೇಗಾಯಿತು ಅಂತ ಸಂಘಕ್ಕೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.